ಇಳಿಜಾರಿನಲ್ಲಿ ನ್ಯೂಟ್ರಲ್

ಮಡಿಕೇರಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಹಾಡಹಗಲೇ, ಭಾವನನ್ನು ಕೆಡವಿ ಹೊಡೆದವನು ನಾನೇ. ಸುತ್ತಿ ಬಳಸಿ ಹೇಳುವುದೇನಿದೆ?

ಭಾವ ಅಂದರೆ ಅಕ್ಕನ ಗಂಡ. ನನಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವನು. ಡೀಸೆಲ್ ಜೀಪು, ಅಕ್ಕನ ಬಳೆ ಎಲ್ಲಾ ಮಾರಿ ಸ್ಟ್ಯಾಂಡಿಗೆ ಮೊದಲ ಕರೆಂಟ್ ಕಾರು ತಂದವನೂ ಅವನೇ. ವರ್ಷ ತುಂಬಿರಲಿಲ್ಲ, ಇನ್ನೊಂದು ಕಂಪನಿಯವರು ಅಗ್ಗದ ಕಾರು ಬಿಟ್ಟರು. ಆ ಜಿದ್ದಿಗೆ ಭಾವನ ಕಾರಿನ ಕಂಪನಿಯವರೂ ರೇಟು ಇಳಿಸಿದರು. ಅದೇ ಕಾರು, ಅದೇ ಬ್ಯಾಟರಿ, ಬಣ್ಣ ಕೂಡ ಅದೇ ಬಿಳಿ, ನನಗೆ ಲಕ್ಷಗಟ್ಟಲೆ ಕಮ್ಮಿಗೆ ಸಿಕ್ಕಿತು. ಭಾವನ ಹೊಟ್ಟೆ ಉರಿಯದೆ ಇರುತ್ತದೆಯೇ?

ಅದರ ಮೇಲೆ ಇನ್ನೊಂದು. ಭಾಗಮಂಡಲ, ತಲಕಾವೇರಿಗೆ ನಾನು ಒಂದೇ ಚಾರ್ಜಿನಲ್ಲಿ ಎರಡು ಟ್ರಿಪ್ ಹೊಡೆಯುತ್ತಿದ್ದೆ. ಅವನ ಕಾರು ಒಂದಕ್ಕೇ ಸುಸ್ತು. ಎರಡನೇ ಸರದಿ ಬರುವಾಗ ಕಾರನ್ನು ಚಾರ್ಜಿಗೆ ಹಾಕಿ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಆ ಬಾಡಿಗೆ ನನಗೆ ಬರುತ್ತಿತ್ತು. "ದುಡ್ಡು ಜಾಸ್ತಿ ಕಿತ್ಕೊಂಡು ನಂಗೆ ಡಬ್ಬಾ ಬ್ಯಾಟರಿ ಕೊಟ್ಟವ್ರೆ ಕಣೋ," ಅನ್ನುತ್ತಿದ್ದ.

ಬ್ಯಾಟರಿ ಸರಿಯಾಗೇ ಇತ್ತು. ಘಟ್ಟ ಇಳಿಯುವಾಗ ಭಾವ ನ್ಯೂಟ್ರಲ್ ಹಾಕುತ್ತಿದ್ದ. ಡೀಸೆಲ್ ಉಳಿಸಲು ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಅಂಟಿದ ಚಟ ಅದು. ಕರೆಂಟ್ ಕಾರಿನಲ್ಲಿ ಉಲ್ಟಾ: ಗೇರಿನಲ್ಲೇ ಇಳಿಸಿದರೆ ಬ್ಯಾಟರಿ ತುಂಬಿಕೊಳ್ಳುತ್ತದೆ, ನ್ಯೂಟ್ರಲ್ ಹಾಕಿದರೆ ಅಷ್ಟೂ ಹಾಳು. ನನಗೆ ಗೊತ್ತಿತ್ತು. ಹೇಳಲಿಲ್ಲ. ಹಲ್ಕಾ ಬುದ್ಧಿ, ಇನ್ನೇನು!

ಆವತ್ತು ಭಾವನ ಸರದಿ. ಬಂದ ಟೂರಿಸ್ಟು, "ಚಾರ್ಜು ಸಾಕಾಗುತ್ತಾ?" ಅಂತ ಕೇಳಿದ. ಭಾವ ತಡವರಿಸಿದ. ನಾನು ನುಗ್ಗಿ, "ಬನ್ನಿ ಸಾರ್, ಕಮ್ಮಿಗೇ ಕರ್ಕೊಂಡು ಹೋಗ್ತೀನಿ," ಎಂದು ನನ್ನ ಕಾರಿನ ಡೋರ್ ತೆಗೆದೆ. ಸರದಿ ಕಸಿಯುವುದು, ಸ್ಟ್ಯಾಂಡಿನ ರೇಟು ಮುರಿಯುವುದು, ಎರಡೂ ನಮ್ಮಲ್ಲಿ ತಾಯಿಗೆ ಬೈದ ಹಾಗೆ.

"ಥೂ ಬೇವರ್ಸಿ! ನಿನ್ನಕ್ಕನ ಅನ್ನಕ್ಕೇ ಕಲ್ಲು ಹಾಕ್ತೀಯೇನೋ?" ಭಾವ ಡಿಕ್ಕಿಯಿಂದ ವೀಲ್ ಸ್ಪ್ಯಾನರ್ ಎಳೆದು ನನ್ನ ಕಾರಿನ ಮುಂದಿನ ಗಾಜಿಗೆ ಬೀಸಿದ. ಗಾಜು ಪುಡಿಪುಡಿ. ಎರಡನೇ ಏಟು ನನ್ನ ಭುಜಕ್ಕೆ. ಅವನ ಹೊಟ್ಟೆಗೆ ಒದ್ದೆ. ಸ್ಪ್ಯಾನರ್ ಕಿತ್ತುಕೊಂಡು ತಲೆಯ ಎಡಗಡೆಗೆ ಬಾರಿಸಿದೆ. ರಕ್ತ ಕಾಲರಿಗೆ ಇಳಿಯಿತು. ಬಿದ್ದ ಮೇಲೂ ಬಿಡಲಿಲ್ಲ, ಇನ್ನೆರಡು ಒದ್ದೆ. ಆ ಗಳಿಗೆಯಲ್ಲಿ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಮಿಕ್ಕ ಡ್ರೈವರುಗಳು ನನ್ನನ್ನು ಹಿಡಿದು ಎಳೆದರು.

ಮಾರನೇ ದಿನ ಆಸ್ಪತ್ರೆಗೆ ಹೋದೆ. ಅಕ್ಕ ನನ್ನ ಮುಖಕ್ಕೆ ಉಗಿದು ಹೊರಗೆ ಹೋದಳು. ಭಾವ ಬಲಮಗ್ಗುಲಾಗಿ, ಕೆನ್ನೆಯನ್ನು ದಿಂಬಿಗೆ ಒತ್ತಿ, ಕಣ್ಣು ಮುಚ್ಚಿ ಮಲಗಿದ್ದ. ಅವನ ಎಡಗಡೆ ನಿಂತು, ಬಗ್ಗಿ, ಎಲ್ಲವನ್ನೂ ಹೇಳಿಬಿಟ್ಟೆ. "ಭಾವ, ನಿನ್ನ ಬ್ಯಾಟರಿ ಸರಿಯಾಗೇ ಐತೆ. ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಬೇಡ, ಅಷ್ಟೇ. ನಂಗೆ ಮೊದ್ಲೇ ಗೊತ್ತಿತ್ತು. ತಪ್ಪಾಯ್ತು ಭಾವ." ಅಳು ತಡೆಯಲಾಗಲಿಲ್ಲ.

ಅವನು ಕಣ್ಣು ಬಿಟ್ಟು, ನಿಧಾನಕ್ಕೆ ನನ್ನ ಕಡೆ ತಿರುಗಿದ.

"ಯಾವಾಗ ಬಂದ್ಯೋ? ಏನಾದ್ರೂ ಅಂದ್ಯಾ?" ಅಂದ. "ಈ ಕಡೆ ಬಂದು ಹೇಳು. ಎಡಗಿವಿ ಹೋಯ್ತಂತೆ."