ಮಂಗಳವಾರದ ಬನಿಯನ್

ನಮ್ಮ ಕಂಪನಿ ತಯಾರಿಸುವ ಬನಿಯನ್ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಒಗೆಯಬಹುದಾ? ಒಗೆಯಬಹುದು ಮಹಾರಾಯರೇ, ಅದಕ್ಕೇ ತಾನೇ ನಾನು ಇಷ್ಟು ಒದ್ದಾಡಿದ್ದು! ನೋಡಲು ಮೈಗಂಟುವ ಬೂದು ಬಣ್ಣದ ಸಾದಾ ಬನಿಯನ್. ಎದೆಯ ಭಾಗದಲ್ಲಿ ಮಾತ್ರ ಬೆಳ್ಳಿ ಲೇಪಿಸಿದ ದಾರದ ಹೆಣಿಗೆ. ಆ ದಾರ ಹೃದಯದ ಬಡಿತವನ್ನು ಹಿಡಿದು ಗುಂಡಿಯಂಥ ಒಂದು ಪುಟ್ಟ ಯಂತ್ರಕ್ಕೆ ಮುಟ್ಟಿಸುತ್ತದೆ. ಗುಂಡಿ ಅದನ್ನು ಮನೆಯ ವೈಫೈ ಮೂಲಕ ನಮ್ಮ ಜೆ.ಪಿ. ನಗರದ ಆಫೀಸಿಗೆ ಕಳಿಸುತ್ತದೆ. ದಾರ, ಹೆಣಿಗೆ, ಒಗೆತ ನನ್ನ ಪಾಲಿನ ಕೆಲಸ.

ಮಾರುವ ಮುಂಚೆ ನಮ್ಮ ನಮ್ಮ ಮನೆಯವರಿಗೆ ತೊಡಿಸಿ ನೋಡಬೇಕೆಂದು ಆಫೀಸಿನಲ್ಲಿ ತೀರ್ಮಾನವಾದಾಗ ನಾನು ಯೋಚಿಸಲೇ ಇಲ್ಲ. ಹನುಮಂತನಗರದಲ್ಲಿ ಅಪ್ಪ ಇದ್ದಾನಲ್ಲ, ಸ್ಟೆಂಟ್ ಹಾಕಿಸಿಕೊಂಡವನು! ನಮ್ಮ ತವರಿನಲ್ಲಿ ಅಪ್ಪನ ಹೃದಯವೇ ದೊಡ್ಡ ಮನುಷ್ಯ. ಅದಕ್ಕೆ ಉಪ್ಪು ಆಗುವುದಿಲ್ಲ, ಜೋರು ಮಾತು ಆಗುವುದಿಲ್ಲ, ಅದು ಮಲಗಿರುವಾಗ ಮಿಕ್ಸಿ ತಿರುಗಿಸುವಂತಿಲ್ಲ. ಅದರ ಯೋಗಕ್ಷೇಮವೆಲ್ಲ ಅಮ್ಮನದು.

ಸೋಮವಾರ ಸಂಜೆ ಬನಿಯನ್ ಕೊಡಲು ಹೋದೆ. ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಂದಳು. ಹೊಸ ಬಟ್ಟೆಯ ಮೂಲೆಗೆ ಒಂದು ಚೂರು ಅರಿಶಿನ ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ತೊಡುವುದಿಲ್ಲ. ನಾನು ಸಿಡುಕಿದೆ.

"ಅಮ್ಮಾ, ಇದಕ್ಕೆ ಅರಿಶಿನ ಗಿರಿಶಿನ ಏನೂ ಮುಟ್ಟಿಸ್ಬೇಡ. ದಾರ ಹಾಳಾಗುತ್ತೆ."

"ಒಂದು ಚುಕ್ಕೆ ಕಣೇ."

"ಅರ್ಧ ಚುಕ್ಕೇನೂ ಬೇಡ. ನಾಳೆ ಬೆಳಗ್ಗೆ ಅಪ್ಪನ ಸ್ನಾನ ಆದ ತಕ್ಷಣ ಹಾಕಿಸು. ಸಂಜೆವರ್ಗೂ ತೆಗೀಬಾರ್ದು."

ಅಮ್ಮ ಬಟ್ಟಲು ಒಳಗಿಟ್ಟಳು. ವಾದ ಮಾಡಲಿಲ್ಲ. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಗ್ಗೆ ನನ್ನ ಸ್ಕ್ರೀನಿನ ಮೇಲೆ ಬಡಿತದ ಗೆರೆ ಎಷ್ಟು ಚೆನ್ನಾಗಿ ಬಂತೆಂದರೆ, ನಾನು ಆಫೀಸಿನಲ್ಲಿ ಎಲ್ಲರನ್ನೂ ಕರೆಕರೆದು ತೋರಿಸಿದೆ. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ಗೆರೆಯಲ್ಲಿನ ಬಡಿತ ನಿಂತಿತು. ಮತ್ತೆ ಶುರುವಾಯಿತು. ಮತ್ತೆ ನಿಂತಿತು.

"ಕಾಂಟ್ಯಾಕ್ಟ್ ಲೂಸ್ ಆಗಿರ್ಬೇಕು," ಅಂದೆ. ನನ್ನ ಹೆಣಿಗೆಗೆ ಅವಮಾನವಾದರೂ ಪರವಾಗಿಲ್ಲ, ಅದೇ ಆಗಿರಲಿ ಅನ್ನಿಸಿತ್ತು.

ಗೆರೆಗಳನ್ನು ಓದುವ ನನ್ನ ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ಇಲ್ಲ ಮೇಡಂ. ಲೂಸ್ ಆದ್ರೆ ಗೆರೆ ಗೀಚಿದ ಹಾಗೆ ಬರುತ್ತೆ. ಇಲ್ಲಿ ಚಿಕ್ಕ ಉಬ್ಬು ನೀಟಾಗಿ ಬರ್ತಿದೆ ನೋಡಿ. ದೊಡ್ಡ ಉಬ್ಬೇ ಇಲ್ಲ. ಹಾರ್ಟ್ ಮೇಲ್ಗಡೆ ಬಡ್ಕೊಳ್ತಿದೆ, ಕೆಳಗಡೆಗೆ ಸುದ್ದಿ ಮುಟ್ತಿಲ್ಲ. ತಕ್ಷಣ ಆಸ್ಪತ್ರೆಗೆ ಕರ್ಕೊಂಡ್ಹೋಗಿ."

ಅಪ್ಪನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದ.

"ಏನಮ್ಮಾ? ಗಾಂಧಿ ಬಜಾರ್‌ನಲ್ಲಿದೀನಿ. ಕಾಫಿ ಪುಡಿ ಮಾಡಿಸ್ತಿದೀನಿ, ನಿಂಗೂ ಅರ್ಧ ಕೇಜಿ ತೊಗೊಳ್ಲಾ?"

ಹಿಂದೆ ಬೀಜ ಪುಡಿ ಮಾಡುವ ಯಂತ್ರದ ಸದ್ದು. ಎದುರಿಗೆ ಸ್ಕ್ರೀನಿನ ಮೇಲೆ ಗೆರೆ ಇನ್ನೂ ಓಡುತ್ತಿತ್ತು. ಮನೆಯ ವೈಫೈ ಬಿಟ್ಟು ಹೊರಗೆ ಹೋದರೆ ಆ ಗುಂಡಿಯಿಂದ ಏನೂ ಬರುವಂತಿಲ್ಲ. ಅಪ್ಪ ಗಾಂಧಿ ಬಜಾರಿನಲ್ಲಿದ್ದ. ಹಾಗಾದರೆ ಮನೆಯಲ್ಲಿ ನಿಂತು ನಿಂತು ಬಡಿಯುತ್ತಿರುವ ಹೃದಯ ಯಾರದು?

ಆ ಮನೆಯಲ್ಲಿ ಇರುವುದು ಇಬ್ಬರೇ. ಆದರೂ ನನಗೆ ಉತ್ತರ ತಕ್ಷಣ ಹೊಳೆಯಲಿಲ್ಲ. ಹೊಳೆದಾಗ ಅಪ್ಪನ ಫೋನ್ ಕಟ್ ಮಾಡಿ ಅಮ್ಮನಿಗೆ ಮಾಡಿದೆ.

ಅಮ್ಮ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದಳು.

"ಎಲ್ಲಿದ್ದೆ?"

"ಇಲ್ಲೇ ಅಡುಗೆಮನೇಲಿ. ಸ್ವಲ್ಪ ಕಣ್ಣು ಕತ್ತಲೆ ಬಂತು, ಕೆಳಗೆ ಕೂತಿದ್ದೆ."

"ಬನಿಯನ್ ಯಾರು ಹಾಕ್ಕೊಂಡಿದಾರೆ?"

"ಬೈಬೇಡ. ಮಂಗಳವಾರ ಕಣೇ ಇವತ್ತು. ನಿಮ್ಮಪ್ಪಂಗೆ ಹೊಸ ಬಟ್ಟೆ ಹೇಗೆ ಹಾಕ್ಸೋದು? ಅರಿಶಿನಾನೂ ಬೇಡ ಅಂದೆ. ಅದಕ್ಕೆ ನಾನೇ ಒಂದು ದಿನ ನೈಟಿ ಒಳಗೆ ಹಾಕ್ಕೊಂಡು ಹಳೇದು ಮಾಡಿ ಕೊಡೋಣ ಅಂತ."

"ನಿಂಗೂ ಮಂಗಳವಾರಾನೇ ಅಲ್ವೇನಮ್ಮ!"

"ನಂಗೇನಾಗುತ್ತೆ ಬಿಡು."

ಕೂತಲ್ಲಿಂದ ಏಳಬೇಡ ಎಂದು ಕಿರುಚಿದ್ದು ನೆನಪಿದೆ. ಆಟೋದಲ್ಲಿ ಬನಶಂಕರಿಯ ಸಿಗ್ನಲ್ಲಿಗೆ ಬಾಯಿಗೆ ಬಂದಂತೆ ಬೈದದ್ದೂ ನೆನಪಿದೆ. ಅಪ್ಪನನ್ನು ಫೋನಿನಲ್ಲೇ ಮನೆಗೆ ಓಡಿಸಿ, ಅಮ್ಮನನ್ನು ಹತ್ತಿಸಿಕೊಂಡು, ಮೂವರೂ ಜಯನಗರದ ಒಂದು ಆಸ್ಪತ್ರೆ ಸೇರಿದೆವು. ಅಂದೇ ಪೇಸ್‌ಮೇಕರ್ ಹಾಕಿದರು. ಅಮ್ಮ ಈಗ ಗಟ್ಟಿಮುಟ್ಟಾಗಿದ್ದಾಳೆ, ನನ್ನ ಜೊತೆ ಮೊದಲಿನ ಹಾಗೇ ಜಗಳವಾಡುತ್ತಾಳೆ. ಆದರೆ ಪೇಸ್‌ಮೇಕರ್ ಹಾಕುವ ಮುಂಚೆ ತುರ್ತು ವಾರ್ಡಿನಲ್ಲಿ ಕಳೆದ ಒಂದು ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅಮ್ಮನನ್ನು ಮಲಗಿಸಿ ವೈರುಗಳನ್ನು ಅಂಟಿಸಿದ್ದರು. ತಲೆಯ ಮೇಲಿನ ಪರದೆಯಲ್ಲಿ ಅವಳ ಗೆರೆ ಓಡುತ್ತಿತ್ತು. ಡಾಕ್ಟರು, "ಮುಂಚೆ ಇಸಿಜಿ ಮಾಡಿಸಿದ್ರಾ ಅಮ್ಮಾ?" ಎಂದು ಕೇಳಿದರು.

"ವರ್ಷಾ ವರ್ಷಾ ತಪ್ಪದೆ ಮಾಡಿಸ್ತೀವಿ ಡಾಕ್ಟ್ರೇ. ಇವರಿಗೆ."

"ಇವರಿಗಲ್ಲ, ನಿಮಗೆ?"

ಅಮ್ಮ ನಕ್ಕಳು. ಕಣ್ಣು ಕತ್ತಲೆ ಬರುವುದು ಎಷ್ಟು ದಿನದಿಂದ ಎಂದು ಅವರು ಕೇಳಿದ್ದಕ್ಕೆ, "ದೀಪಾವಳಿ ಆದ್ಮೇಲೆ ಶುರುವಾಯ್ತು, ಕೂತ್ರೆ ಹೋಗುತ್ತೆ," ಅಂದಳು. ಅಪ್ಪ ಅವಳ ಮುಖವನ್ನೇ ನೋಡುತ್ತಾ ನಿಂತ. ಅದೇ ಮನೆಯಲ್ಲಿ, ಅದೇ ಅಡುಗೆಯನ್ನು ಉಣ್ಣುತ್ತಾ ಇದ್ದವನಿಗೆ ಅದು ಗೊತ್ತೇ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅವಳಿಗೆ ಏನೋ ನೆನಪಾಗಿ ನನ್ನ ಕೈ ಹಿಡಿದು, "ಅಯ್ಯೋ, ನಿಮ್ಮಪ್ಪನ ಸಾಯಂಕಾಲದ ಮಾತ್ರೆ ಇದೆಯಲ್ಲ, ಅದನ್ನ..." ಅಂದಳು.

ಅಷ್ಟರಲ್ಲಿ ಪರದೆಯ ಮೇಲೆ ದೊಡ್ಡ ಉಬ್ಬು ಮಾಯವಾಯಿತು. ಅಮ್ಮನ ಕಣ್ಣು ತೆರೆದೇ ಇತ್ತು, ಆದರೆ ಅವಳು ಅಲ್ಲಿರಲಿಲ್ಲ. ನನ್ನ ಕೈ ಹಿಡಿದಿದ್ದ ಬೆರಳು ಸಡಿಲವಾದವು. ಡಾಕ್ಟರು ಮುನ್ನುಗ್ಗಿದರು. ಅಪ್ಪ ಮಂಚದ ಕಂಬಿ ಹಿಡಿದು ಅವಳ ಹೆಸರು ಹಿಡಿದು ಕೂಗಿದ. ಅವನು ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಉಬ್ಬು ಮರಳಿ ಬಂತು. ಅಮ್ಮ ರೆಪ್ಪೆ ಬಡಿದು, ಏನೂ ಆಗದವಳಂತೆ ಮಾತು ಮುಗಿಸಿದಳು: "...ಊಟಕ್ಕೆ ಮುಂಚೇನೇ ಕೊಡ್ಬೇಕು, ಮರೀಬೇಡ."