ಒಲೆಯ ಮೇಲಿನ ಕೆಂಪು ದೀಪಗಳು

ಬೆಸುಗೆ ಹಾಕುವಾಗ ರಾಳ ಸುಟ್ಟು ಏಳುವ ಹೊಗೆಗೆ ಸಿಹಿಯೂ ಕಮಟೂ ಬೆರೆತ ಒಂದು ವಾಸನೆ ಇದೆ. ಮೊನ್ನೆ ಹೊಸಂಗಡಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅದು ಮೂಗಿಗೆ ಬಡಿಯಿತು. "ಇದು ಸತ್ತಿದೆ ಅಕ್ಕ, ಬಿಸಾಡಿ ಹೊಸತು ತೆಗೊಳ್ಳಿ" ಎಂದು ಅಂಗಡಿಯವನು ನನ್ನ ಫೋನನ್ನು ಹಿಂದಕ್ಕೆ ತಳ್ಳಿದ. ಪಾಪ, ಅವನದೇನೂ ತಪ್ಪಿರಲಿಲ್ಲ. ಆದರೂ ಆ 'ಬಿಸಾಡಿ' ಎಂಬ ಮಾತಿಗೆ ನನ್ನ ಮೈ ಉರಿದುಹೋಯಿತು.

ನಮ್ಮ ಮನೆ ಅಲ್ಲೇ ಹೆದ್ದಾರಿಯ ಬದಿಗಿತ್ತು. ಈಗ ರಸ್ತೆ ಅಗಲವಾಗಿ ಹೆದ್ದಾರಿಯ ಅಡಿಗೇ ಹೋಗಿದೆ. ಚಾವಡಿಯ ಮೂಲೆಯಲ್ಲಿ, ರೇಡಿಯೋ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪನ ಮೇಜಿನ ಸುತ್ತ ಸದಾ ಇದೇ ವಾಸನೆ. ಗಲ್ಫಿನವರು ತಂದ ಟೇಪ್ ರೆಕಾರ್ಡರುಗಳು, ಗೊಂಬೆಗಳು ಕೆಟ್ಟ ಮೇಲೆ ಚಿಕ್ಕಪ್ಪನ ಪಾಲಿಗೆ ಬರುತ್ತಿದ್ದವು. "ಸತ್ತದ್ದಲ್ಲ ಮಾರಾಯ್ತಿ, ಅದಕ್ಕೆ ಬೇರೆ ಕೆಲಸ ಬೇಕಂತೆ" ಎನ್ನುತ್ತಿದ್ದರು. ಅಳುವ ಗೊಂಬೆಯ ಹೊಟ್ಟೆಯೊಳಗಿನ ಸದ್ದಿನ ಡಬ್ಬಿಯನ್ನು ಕಿತ್ತು ನೀರಿನ ಟ್ಯಾಂಕಿಗೆ ಜೋಡಿಸಿದ್ದರು; ಟ್ಯಾಂಕಿ ತುಂಬಿದಾಗ ಮನೆಯ ಮಾಡಿನ ಮೇಲೆ ಮಗು ಅತ್ತಂತಾಗಿ, ಹೊಸ ನೆಂಟರು ಕಾಫಿ ಲೋಟ ಹಿಡಿದೇ ಎದ್ದು ನಿಲ್ಲುತ್ತಿದ್ದರು. ಆದರೆ ಚಿಕ್ಕಪ್ಪ ಮಾಡಿದ್ದರಲ್ಲೆಲ್ಲ ದೊಡ್ಡದು ಶಾರದತ್ತೆಯ ದೀಪ. ಚಿಕ್ಕಪ್ಪನ ಅಕ್ಕ ಅವರು. ಎಳವೆಯ ಜ್ವರದಲ್ಲಿ ಎರಡೂ ಕಿವಿ ಹೋಗಿತ್ತು. ನಾವು ಅಂಗಳದಲ್ಲಿ ಗಂಟಲು ಹರಿದುಕೊಂಡರೂ ಅಡುಗೆಮನೆಯಲ್ಲಿದ್ದ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕ್ಯಾಸೆಟ್ ತಿರುಗದ ಒಂದು ಟೇಪ್ ರೆಕಾರ್ಡರಿನಲ್ಲಿ, ಹಾಡಿಗೆ ತಕ್ಕಂತೆ ಕುಣಿಯುವ ಕೆಂಪು ದೀಪಗಳ ಸಾಲಿತ್ತು. ಚಿಕ್ಕಪ್ಪ ಅದರ ಮೈಕನ್ನು ಚಾವಡಿಯ ಕಂಬಕ್ಕೆ ಕಟ್ಟಿ, ವಯರು ಎಳೆದು, ದೀಪಗಳನ್ನು ಒಲೆಯ ಮೇಲಿನ ಗೋಡೆಯಲ್ಲಿ ತೂಗುಹಾಕಿದರು. ಕರೆದರೆ ದೀಪ ಕುಣಿಯುತ್ತಿತ್ತು. ಬಸ್ಸಿನ ಹಾರ್ನಿಗೂ ಕುಣಿಯುತ್ತಿತ್ತು, ಆದರೆ ಅದಕ್ಕೆ ಅತ್ತೆ ಏಳುತ್ತಿರಲಿಲ್ಲ. ಕುಣಿತ ನೋಡಿಯೇ ಕರೆದವರು ಯಾರೆಂದು ಗುರುತಿಸುವಷ್ಟು ಪಳಗಿದ್ದರು. ನಾನು "ಅತ್ತೇ..." ಎಂದು ರಾಗ ಎಳೆದರೆ ಬೆಳಕು ಕೊನೆಯ ದೀಪದವರೆಗೆ ಹೋಗಿ ನಿಲ್ಲುತ್ತಿತ್ತಂತೆ. ಸೆರಗಿಗೆ ಕೈ ಒರೆಸುತ್ತಾ ಬಂದು "ನೀನೇ ಅಂತ ಗೊತ್ತಾಯ್ತು ನಂಗೆ" ಎನ್ನುವಾಗ ಅವರ ಮುಖ ನೋಡಬೇಕಿತ್ತು.

ಚಿಕ್ಕಪ್ಪ ತೀರಿಕೊಂಡ ಮೇಲೂ ದೀಪ ಕುಣಿಯುತ್ತಲೇ ಇತ್ತು. ತನ್ನ ಮದುವೆಗೆಂದು ಮನೆಗೆ ಬಣ್ಣ ಹೊಡೆಸುವಾಗ ಅಣ್ಣ ಅದನ್ನು ಕೀಳಿಸಿದ. "ಹುಡುಗಿ ಕಡೆಯವರು ಬರುವಾಗ ಈ ವಯರಿನ ರಾಶಿ ಎಂತಕ್ಕೆ? ಅತ್ತೆಗೊಂದು ಮೊಬೈಲ್ ಕೊಡುವ, ಅದು ನಡುಗ್ತದೆ." ದೀಪ ಗುಜರಿಯವನ ಗೋಣಿಗೆ ಹೋಯಿತು. ಅಂಗಳದಲ್ಲಿ ನಿಂತು ಅಡುಗೆಮನೆಗೆ ಯಾವ ಮೂರ್ಖ ಫೋನು ಮಾಡುತ್ತಾನೆ? ಅತ್ತೆ ಗಳಿಗೆಗೊಮ್ಮೆ ಒಲೆ ಬಿಟ್ಟು ಚಾವಡಿಗೆ ಬಂದು "ಕರೆದ್ರಾ?" ಎಂದು ಕೇಳತೊಡಗಿದರು. ಹಾಲು ಉಕ್ಕಿತು, ಪಲ್ಯ ಸೀದಿತು. ಅತ್ತೆಗೆ ಅರಳು ಮರಳು ಎಂದು ತೀರ್ಮಾನಿಸಿ ಅವರನ್ನು ಅಡುಗೆಯಿಂದಲೇ ಬಿಡಿಸಿದರು. ಅರಳು ಮರಳಂತೆ! ಯಾರಾದರೂ ಕರೆದದ್ದು ತಪ್ಪಿಹೋದೀತೆಂದು ಎದ್ದು ಬರುತ್ತಿದ್ದರು, ಅಷ್ಟೆ. ಅಷ್ಟು ತಿಳಿಯುವ ಒಂದು ತಲೆ ಆ ಮನೆಯಲ್ಲಿರಲಿಲ್ಲ. ಅಣ್ಣನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ದೀಪ ಕೀಳುವಾಗ ಮದುವೆಯ ಸೀರೆ ಹರಡಿಕೊಂಡು ಅಲ್ಲೇ ಕೂತಿದ್ದು ತುಟಿ ಬಿಚ್ಚದ ನನ್ನ ಮೇಲಿನದೂ ಇಳಿದಿಲ್ಲ.

ಅತ್ತೆ ಬದುಕಿದ್ದಾಗ ಕೊನೆಯ ಸಲ ಹೋದವಳು ಹಳೆಯ ರೂಢಿಯಂತೆ ಅಂಗಳದಿಂದಲೇ "ಅತ್ತೇ..." ಎಂದು ರಾಗ ಎಳೆದೆ. ಯಾರೂ ಬರಲಿಲ್ಲ. ಒಳಗೆ ಹೋದರೆ, ಆರಿದ ಒಲೆಯ ಮುಂದೆ ಮಣೆ ಹಾಕಿ ಕೂತು ಗೋಡೆ ನೋಡುತ್ತಿದ್ದರು. ದೀಪ ತೂಗುತ್ತಿದ್ದ ಮೊಳೆ ಇನ್ನೂ ಅಲ್ಲೇ ಇತ್ತು. ಅದಕ್ಕೂ ಬಣ್ಣ ಬಳಿದಿದ್ದರು.