ಅಗಸಿಯಲ್ಲಿ ಕೂತ ಹಣಮವ್ವ

ಐವತ್ತೇಳರ ಬೇಸಿಗೆಯಲ್ಲಿ ನಮ್ಮೂರಿಗೆ ಬಸ್ಸಿನ ಹುಚ್ಚು ಹಿಡಿದಿತ್ತು. ಅಕ್ಕಲಕೋಟೆಯಿಂದ ಎಸ್.ಟಿ. ಬರಬೇಕು, ಊರೊಳಗೆ ಗುಡಿಯ ಮುಂದೆಯೇ ನಿಲ್ಲಬೇಕು. ಅಡ್ಡಿಯಾಗಿದ್ದದ್ದು ಅಗಸಿ ಒಂದೇ, ಊರ ಹಳೆಯ ಕಲ್ಲಿನ ಹೆಬ್ಬಾಗಿಲು. ಕಮಾನು ಬಿರುಕು ಬಿಟ್ಟಿತ್ತು; ಅದರಡಿ ಎತ್ತಿನ ಚಕ್ಕಡಿ ಹಾಯುತ್ತಿತ್ತು, ಬಸ್ಸು ಹಾಯುವಂತಿರಲಿಲ್ಲ. ಕೆಡವೋಣ ಎಂದು ಹಿರಿಯರು ತೀರ್ಮಾನಿಸಿದರು. ಎಷ್ಟು ತಲೆಮಾರಿನವರು ಕಾಪಾಡಿಕೊಂಡು ಬಂದದ್ದೋ, ಒಂದು ಮುಂಜಾನೆಯಲ್ಲಿ ಮುಗಿಸುವ ಅವಸರ ನಮಗೆ!

ಹಣಮವ್ವನನ್ನು ಯಾರೂ ಕೇಳಲಿಲ್ಲ. ಕುರಿ ಕಾಯುವ ಹೆಂಗಸನ್ನು ಏನು ಕೇಳುವುದು? ಊರಾಚೆ ಸತ್ತವರ ಹೆಣವನ್ನು ಅಗಸಿ ದಾಟಿಸಿ ಒಳಗೆ ತರುವುದಿಲ್ಲ, ಅದು ನಮ್ಮ ಕಡೆಯ ರೂಢಿ. ಅವಳ ಗಂಡ ಬೀರಣ್ಣ ಕುರಿಯ ಹಿಂದೆ ಹೋದವನು ಭೀಮಾ ದಂಡೆಯಲ್ಲಿ ಹಾವು ಕಡಿದು ಸತ್ತಾಗ, ಅವನನ್ನು ಈ ಅಗಸಿಯ ಹೊಸ್ತಿಲಿನಾಚೆಯೇ ಇಳಿಸಿದ್ದರು. ಅವನ ಮುಖವನ್ನು ಅವಳು ಕಡೆಯ ಸಲ ನೋಡಿದ್ದು ಅಲ್ಲೇ. ಆಮೇಲಿಂದ ಪ್ರತಿ ಸಂಜೆ, ಊರಗೋಡೆ ಬಿದ್ದ ಜಾಗದಲ್ಲಿದ್ದ ತನ್ನ ದೊಡ್ಡಿಗೆ ಕುರಿ ಕೂಡಿಹಾಕಿ, ಅಗಸಿಗೆ ಬಂದು ಕಸ ಗುಡಿಸಿ, ಒಂದು ಗಳಿಗೆ ಕೂತು ಹೋಗುತ್ತಿದ್ದಳು.

ಹಾರೆ, ಸಲಿಕೆ ಹಿಡಿದು ನಾವು ಹೋದಾಗ ಕಮಾನಿನ ಕೆಳಗೆ, ಹಣಮವ್ವನ ದೊಡ್ಡಿಯಲ್ಲೇ ಇರುತ್ತಿದ್ದ ಬೀರಪ್ಪ ದೇವರ ಟಗರು ಮಲಗಿತ್ತು. ಅದರ ಹಣೆಗೆ ಭಂಡಾರದ ಅರಿಸಿನ, ಪಕ್ಕದಲ್ಲಿ ಹಣಮವ್ವ. ದೇವರ ಹೆಸರಲ್ಲಿ ಬಿಟ್ಟ ಟಗರನ್ನು ಹೊಡೆಯುವಂತಿಲ್ಲ, ಎಳೆಯುವಂತಿಲ್ಲ. ಅದು ತಾನಾಗಿ ಏಳಬೇಕು. ಮೀಸೆ ತಿರುವುತ್ತ ಬಂದವರೆಲ್ಲ ಹಾರೆ ಊರಿಕೊಂಡು ಬಿಸಿಲಲ್ಲಿ ನಿಂತೆವು.

ಊರ ಹಿರಿಯ ಅಣ್ಣಾರಾಯ ಪಾಟೀಲರು ಮುಂದೆ ಬಂದರು. "ಹಣಮವ್ವ, ಹಟಾ ಬಿಡು. ಪೀರಪ್ಪನ ಸೊಸಿ ಹಡೀಲಾರದ ಚಕ್ಕಡ್ಯಾಗ ಸತ್ಲು. ಬಸ್ ಇದ್ದಿದ್ರ ಉಳೀತಿದ್ಲು."

ಆ ಮಾತು ಸುಳ್ಳಲ್ಲ. ಹಣಮವ್ವ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಬಿರುಕಿನಿಂದ ಗಚ್ಚು ಉದುರಿತು. ಟಗರು ಬೆದರಿ ಎದ್ದು, ಮೈ ಕೊಡವಿ, ಹೊರಗೆ ನಡೆದುಬಿಟ್ಟಿತು.

"ದೇವ್ರು ಅಪ್ಪಣಿ ಕೊಟ್ಟ!" ಯಾರೋ ಕೂಗಿದರು. ಹಾರೆಗಳು ಮೇಲೆದ್ದವು.

ಟಗರು ಮಲಗಿದ್ದ ಜಾಗಕ್ಕೆ ಹಣಮವ್ವ ಸರಿದು ಕೂತಳು. "ದೇವ್ರು ಎದ್ದು ಹೋದ, ಖರೆ. ನಾ ಎದ್ದಿಲ್ಲ."

"ಕಲ್ಲು ಬಿದ್ರ ಸಾಯ್ತಿ!" ಪಾಟೀಲರು ಅವಳತ್ತ ಕೈ ಚಾಚಿದರು.

"ಬಸ್ ಬರ್ಲಿ ಪಾಟೀಲ್ರ, ಬ್ಯಾಡ ಅನ್ನಾಕತ್ತಿಲ್ಲ. ಗ್ವಾಡಿ ಬಿದ್ದಲ್ಲಿ ನನ್ನ ದೊಡ್ಡಿ ಐತಲ್ಲ, ಅದರ ಮ್ಯಾಲ ರಸ್ತಾ ಮಾಡ್ಕೋರಿ. ಇದನ್ನ ಬಿಡ್ರಿ."

ಅವಳಿಗೆ ಊರಲ್ಲಿ ಇದ್ದ ಜಾಗ ಆ ದೊಡ್ಡಿ ಒಂದೇ. ಮೊದಲು, ಸೊಸೆಯನ್ನು ಕಳೆದುಕೊಂಡ ಪೀರಪ್ಪನೇ ಹಾರೆ ಹೆಗಲಿಗೇರಿಸಿ ದೊಡ್ಡಿಯ ಕಡೆ ನಡೆದ.

ದೀಪಾವಳಿಯ ಹೊತ್ತಿಗೆ ಬಸ್ಸು ಬಂತು. ಅಷ್ಟರಲ್ಲಿ, ನಾಚಿಕೆಗೋ ಏನೋ, ಕಮಾನಿನ ಬಿರುಕಿಗೂ ನಾವು ಗಚ್ಚು ತುಂಬಿಸಿದ್ದೆವು. ಹಾರ, ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರೆ, ಬಸ್ಸು ಊರಗೋಡೆಯ ಹತ್ತಿರ ಗಕ್ಕನೆ ನಿಂತಿತು. ನಡುರಸ್ತೆಯಲ್ಲಿ, ತನ್ನ ಹಳೆಯ ದೊಡ್ಡಿಯ ಜಾಗದಲ್ಲೇ, ಬೀರಪ್ಪನ ಟಗರು ಮಲಗಿತ್ತು. ಡ್ರೈವರ್ ಹಾರನ್ ಹೊಡೆದೇ ಹೊಡೆದ; ಟಗರು ಏಳಲಿಲ್ಲ.

ಬಿಸಿಲು ಚುರುಗುಟ್ಟುತ್ತಿತ್ತು. ಒಬ್ಬೊಬ್ಬರಾಗಿ ಅಗಸಿಯ ನೆರಳಿಗೆ ಹೋದೆವು. ಅಲ್ಲಿ ಕೂತಿದ್ದ ಹಣಮವ್ವ ಸರಿದು ಜಾಗ ಕೊಟ್ಟಳು.